ಅಪ್‌ಡೇಟ್ ಆದ ಮೇಲೆ ಕಂಪ್ಯೂಟರ್ ಬರಿದಾಗಿ ಕಂಡರೆ: ಮೊದಲು ಹುಡುಕಿ, ಆಮೇಲೆ ರಿಪೇರಿ



ಒಂದು ಕಾಲಕ್ಕೆ ಸಂಘದ ಲೆಕ್ಕ ಎಂದರೆ ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ನಾಲ್ಕು ಪುಸ್ತಕ, ಒಂದು ಸ್ಟಾಂಪ್ ಪ್ಯಾಡು. ಪೆಟ್ಟಿಗೆಗೆ ಕೀಲಿ, ಕೀಲಿಕೈ ಅಧ್ಯಕ್ಷೆಯ ಸೆರಗಿನಲ್ಲಿ. ಈಗ ತಾಂಬಾ ಕಡೆಯ ಹಳ್ಳಿಗಳಲ್ಲಿಯೂ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿಯೂ ಆ ಪೆಟ್ಟಿಗೆಯ ಅರ್ಧ ಕೆಲಸವನ್ನು ಕಂಪ್ಯೂಟರ್ ಮಾಡುತ್ತಿದೆ. ಉಳಿತಾಯದ ಲೆಕ್ಕ, ಸಾಲದ ಕಂತು, ಸಭೆಯ ಠರಾವು, ಮಕ್ಕಳ ವಿದ್ಯಾರ್ಥಿ ವೇತನದ ಅರ್ಜಿ, ವಿಧವೆಯರ ಮತ್ತು ಅಂಗವಿಕಲರ ಪಿಂಚಣಿ ಕಾಗದಪತ್ರ ಎಲ್ಲವೂ ಅದರೊಳಗೆ ಸೇರಿವೆ. ಹಾಗಾಗಿ ಒಂದು ದಿನ ಮುಂಜಾನೆ ಕಂಪ್ಯೂಟರ್ ಚಾಲೂ ಮಾಡಿದಾಗ ಪರದೆ ಬರಿದಾಗಿ ಕಂಡರೆ ಎದೆ ಧಸಕ್ಕೆನ್ನುವುದು ಸಹಜ.

"ರಾತ್ರಿ ಏನೋ ಅಪ್‌ಡೇಟ್ ಅಂತ ಬಂದಿತ್ರಿ ಸಿಸ್ಟರ್, ಮುಂಜಾನೆ ನೋಡಿದ್ರ ಎಲ್ಲಾ ಹೋಗೇತ್ರಿ" ಎಂಬ ಫೋನು ನಮಗೆ ವರ್ಷದಲ್ಲಿ ನಾಲ್ಕಾರು ಸಲವಾದರೂ ಬರುತ್ತದೆ. ಪರದೆಯ ಮೇಲಿದ್ದ ಚಿತ್ರ ಇಲ್ಲ, ಫೈಲುಗಳಿಲ್ಲ, ಕನ್ನಡ ಟೈಪಿಂಗ್ ಬರುವುದಿಲ್ಲ, ಪ್ರಿಂಟರ್ ಬೇರೆ ಯಾವುದೋ ಹೆಸರು ತೋರಿಸುತ್ತದೆ. ಇಂಥ ಹೊತ್ತಿನಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಈ ಲೇಖನದಲ್ಲಿ ಸರಳವಾಗಿ ತಿಳಿಸಲು ಪ್ರಯತ್ನಿಸಿದ್ದೇವೆ. ನಮ್ಮ ಸಂಘಗಳಲ್ಲಿ ಹೆಚ್ಚಾಗಿ ವಿಂಡೋಸ್ ಇರುವ ಕಂಪ್ಯೂಟರುಗಳೇ ಇರುವುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಅಪ್‌ಡೇಟ್ ಆದ ಮೇಲೆ ಕಾಣದೇ ಹೋದದ್ದು ಬಹಳಷ್ಟು ಸಲ ಅಳಿಸಿ ಹೋಗಿರುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ, ಕಂಪ್ಯೂಟರ್ ನಮ್ಮನ್ನು ಬೇರೆ ಕಡೆ ಕೂರಿಸಿರುತ್ತದೆ. ನಿಜವಾದ ನಷ್ಟ ಆಗುವುದು ಆಮೇಲೆ, ಗಾಬರಿಯಲ್ಲಿ ನಾವು ಮಾಡುವ ಕೆಲಸದಿಂದ.

ನಿಜವಾಗಿ ಏನಾಗಿರುತ್ತದೆ?

ವಿಂಡೋಸ್ ಕಂಪ್ಯೂಟರಿನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಒಂದೊಂದು ಕೋಣೆ ಇರುತ್ತದೆ ಎಂದು ತಿಳಿಯಿರಿ. ಸಿ ಡ್ರೈವ್ ಒಳಗೆ ಯೂಸರ್ಸ್ ಎಂಬ ಫೋಲ್ಡರ್ ಇದೆ. ಅದರೊಳಗೆ ನಿಮ್ಮ ಖಾತೆಯ ಹೆಸರಿನ ಫೋಲ್ಡರ್ ಇರುತ್ತದೆ. ಅದೇ ನಿಮ್ಮ ಕೋಣೆ. ಇಂಗ್ಲಿಷಿನಲ್ಲಿ ಅದಕ್ಕೆ ಪ್ರೊಫೈಲ್ ಎನ್ನುತ್ತಾರೆ. ಡೆಸ್ಕ್‌ಟಾಪ್ ಮೇಲಿನ ಫೈಲುಗಳು, ಡಾಕ್ಯುಮೆಂಟ್ಸ್, ಫೋಟೋಗಳು, ಬ್ರೌಸರಿನಲ್ಲಿ ಗುರುತು ಹಾಕಿಟ್ಟ ವೆಬ್‌ಸೈಟುಗಳು ಎಲ್ಲವೂ ಸಾಮಾನ್ಯವಾಗಿ ಆ ಕೋಣೆಯಲ್ಲೇ ಇರುತ್ತವೆ.

ಅದೇ ಕೋಣೆಯಲ್ಲಿ ಎನ್‌ಟಿಯೂಸರ್ ಎಂಬ ಹೆಸರಿನ ಒಂದು ಫೈಲು ಅಡಗಿ ಕುಳಿತಿರುತ್ತದೆ. ಅದು ನಿಮ್ಮ ಇಷ್ಟಗಳ ಚೀಟಿ ಇದ್ದ ಹಾಗೆ. ಪರದೆಯ ಬಣ್ಣ ಯಾವುದು, ಯಾವ ಪ್ರಿಂಟರ್, ಯಾವ ಕೀಬೋರ್ಡ್, ಯಾವ ಫೈಲನ್ನು ಯಾವ ಪ್ರೋಗ್ರಾಂ ತೆರೆಯಬೇಕು ಎಂಬಂಥ ಬಹುಪಾಲು ಸಂಗತಿ ಅದರಲ್ಲಿ ಬರೆದಿರುತ್ತದೆ. ನೀವು ಪಾಸ್‌ವರ್ಡ್ ಹಾಕಿದ ಕೂಡಲೇ ವಿಂಡೋಸ್ ಆ ಚೀಟಿಯನ್ನು ಓದಿ ಕೋಣೆಯನ್ನು ನಿಮಗೆ ಬೇಕಾದ ಹಾಗೆ ಸಜ್ಜು ಮಾಡುತ್ತದೆ.

ಈಗ ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಯಿತು ಅಂತ ಇಟ್ಟುಕೊಳ್ಳಿ. ಇಲ್ಲವೇ ಆಂಟಿವೈರಸ್ ಆ ಚೀಟಿಯನ್ನು ಹಿಡಿದುಕೊಂಡು ಕುಳಿತಿದೆ, ಅಥವಾ ಅಪ್‌ಡೇಟಿನಲ್ಲೇ ದೋಷವಿದೆ. ಆಗ ವಿಂಡೋಸಿಗೆ ಚೀಟಿ ಓದಲು ಆಗುವುದಿಲ್ಲ. ನಿಮ್ಮನ್ನು ಹೊರಗೆ ನಿಲ್ಲಿಸುವ ಬದಲು ಒಂದು ಖಾಲಿ ಕೋಣೆ ತೆರೆದು ಕೊಡುತ್ತದೆ. ಇದಕ್ಕೆ ಟೆಂಪರರಿ ಪ್ರೊಫೈಲ್, ಅಂದರೆ ತಾತ್ಕಾಲಿಕ ಕೋಣೆ ಎಂದು ಹೆಸರು. ಅಲ್ಲಿ ನಿಮ್ಮದು ಎಂಬುದು ಏನೂ ಇರುವುದಿಲ್ಲ. ಆದರೆ ನಿಮ್ಮ ಹಳೆಯ ಕೋಣೆ ಪಕ್ಕದಲ್ಲೇ ಇರುತ್ತದೆ.

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಎಳೆಯುತ್ತಿದ್ದರು. ಹೊಸಬರು ಬಂದು ನೋಡಿದರೆ ಬರೀ ನೆಲ. ಕಾಳು ಇಲ್ಲ ಅಂತ ಅದಕ್ಕೆ ಅರ್ಥವೇ? ಬಾಯಿ ಎಲ್ಲಿದೆ ಎಂದು ಗೊತ್ತಿದ್ದವರು ಬಂದು ತೆಗೆದರೆ ಕಾಳು ಹಾಗೇ ಇರುತ್ತದೆ. ಇಲ್ಲಿಯೂ ಅಷ್ಟೇ.

ಇದು ನಮ್ಮೊಬ್ಬರ ಕಷ್ಟವಲ್ಲ

ಎಷ್ಟೋ ಸಲ ನಮ್ಮ ಅಕ್ಕಂದಿರು "ನಾನೇ ಏನೋ ತಪ್ಪು ಬಟನ್ ಒತ್ತಿರಬೇಕು" ಎಂದು ಅಳುತ್ತಾ ಕೂರುತ್ತಾರೆ. ಅವರಿಗಾಗಿ ಎರಡು ಸಂಗತಿ ಹೇಳಬೇಕು.

2020ರ ಫೆಬ್ರುವರಿ 11ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಒಂದು ಅಪ್‌ಡೇಟ್ ಬಿಟ್ಟಿತು. ಅದರ ಸಂಖ್ಯೆ ಕೆಬಿ 4532693. ಅದು ಆದ ಮೇಲೆ ಬೇರೆ ಬೇರೆ ದೇಶಗಳ ಅನೇಕರಿಗೆ ಇದೇ ಅನುಭವವಾಯಿತು. ಡೆಸ್ಕ್‌ಟಾಪ್ ಖಾಲಿ, ಸ್ಟಾರ್ಟ್ ಮೆನು ಹೊಸದರ ಹಾಗೆ. ಹುಡುಕಿ ನೋಡಿದಾಗ ಯೂಸರ್ಸ್ ಫೋಲ್ಡರಿನಲ್ಲಿ ಅವರ ಹಳೆಯ ಕೋಣೆ ಹೆಸರು ಬದಲಾಗಿ ಕುಳಿತಿತ್ತು. ಹೆಸರಿನ ಕೊನೆಗೆ ಒಂದು ಚುಕ್ಕಿ ಮತ್ತು 000 ಎಂದೋ, ಬಿಎಕೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳೋ ಸೇರಿದ್ದವು. ಕೆಲವರಿಗೆ ಕಂಪ್ಯೂಟರನ್ನು ನಾಲ್ಕಾರು ಸಲ ರೀಸ್ಟಾರ್ಟ್ ಮಾಡಿದಾಗ, ಕೆಲವರಿಗೆ ಆ ಅಪ್‌ಡೇಟನ್ನು ತೆಗೆದು ಹಾಕಿದಾಗ ಎಲ್ಲವೂ ಮರಳಿ ಬಂತು.

ಎರಡನೆಯದು ಸ್ವಲ್ಪ ಗಂಭೀರ. 2018ರ ಅಕ್ಟೋಬರ್ 2ರಂದು ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ (ಆವೃತ್ತಿ 1809) ಕೆಲವರ ಫೈಲುಗಳನ್ನು ನಿಜವಾಗಿಯೂ ಅಳಿಸಿತು. ಡಾಕ್ಯುಮೆಂಟ್ಸ್ ಫೋಲ್ಡರನ್ನು ಡಿ ಡ್ರೈವಿಗೋ ಮತ್ತೆಲ್ಲಿಗೋ ತಿರುಗಿಸಿಕೊಂಡು, ಹಳೆಯ ಜಾಗದಲ್ಲೂ ಕೆಲವು ಫೈಲುಗಳನ್ನು ಬಿಟ್ಟಿದ್ದವರಿಗೆ ಈ ತೊಂದರೆಯಾಯಿತು. ಹಳೆಯ ಜಾಗ ಬೇಡವಾದದ್ದು ಎಂದು ತಿಳಿದು ಅಪ್‌ಡೇಟ್ ಅದನ್ನು ಗುಡಿಸಿ ಹಾಕಿತು. ಕಂಪನಿ ಕೆಲವೇ ದಿನಗಳಲ್ಲಿ ಆ ಅಪ್‌ಡೇಟನ್ನು ನಿಲ್ಲಿಸಿ, ಸರಿಪಡಿಸಿ, ನವೆಂಬರ್ 13ರಂದು ಮತ್ತೆ ಬಿಟ್ಟಿತು. ಫೈಲು ಕಳೆದುಕೊಂಡವರಿಗೆ ಅದು ಕೊಟ್ಟ ಸಲಹೆ, ಕಂಪ್ಯೂಟರನ್ನು ಆದಷ್ಟು ಕಡಿಮೆ ಬಳಸಿ ಮತ್ತು ನಮ್ಮನ್ನು ಸಂಪರ್ಕಿಸಿ ಎಂಬುದು. ಯಾಕೆಂದರೆ ಅಳಿದ ಫೈಲಿನ ಜಾಗದ ಮೇಲೆ ಹೊಸದು ಬರೆಯದೇ ಇದ್ದರೆ ಅದನ್ನು ಮರಳಿ ತೆಗೆಯುವ ಸಾಧ್ಯತೆ ಇರುತ್ತದೆ.

ಇಷ್ಟು ದೊಡ್ಡ ಕಂಪನಿಯ ಕೆಲಸದಲ್ಲೇ ದೋಷ ಬರುವಾಗ, ಕೀಬೋರ್ಡ್ ಮುಂದೆ ಕುಳಿತ ಹುಡುಗಿಯನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಮೊದಲ ಅರ್ಧ ತಾಸು: ಮಾಡಬಾರದ ನಾಲ್ಕು ಕೆಲಸ

1. ಫಾರ್ಮ್ಯಾಟ್ ಮಾಡಿಸಬೇಡಿ. ಫಾರ್ಮ್ಯಾಟ್ ಎಂದರೆ ಹಗೇವನ್ನೇ ಅಗೆದು ಮುಚ್ಚಿದ ಹಾಗೆ. ಕಂಪ್ಯೂಟರ್ ಚಂದ ಓಡುತ್ತದೆ ನಿಜ, ಒಳಗಿದ್ದದ್ದು ಹೋಗಿರುತ್ತದೆ.

2. ಖಾಲಿ ಪರದೆಯ ಮೇಲೆ ಹೊಸ ಕೆಲಸ ಶುರು ಮಾಡಬೇಡಿ. ತಾತ್ಕಾಲಿಕ ಕೋಣೆಯಲ್ಲಿ ನೀವು ಉಳಿಸಿದ್ದು ಸೈನ್ ಔಟ್ ಮಾಡಿದ ಕೂಡಲೇ ಅಳಿದು ಹೋಗುತ್ತದೆ. ಅರ್ಜೆಂಟ್ ಅಂತ ಇಡೀ ದಿನ ಕುಳಿತು ಟೈಪ್ ಮಾಡಿದ ಪಟ್ಟಿ ಸಂಜೆಗೆ ಇಲ್ಲವಾಗುವುದು ಹೀಗೆಯೇ. ಈಗಾಗಲೇ ಏನಾದರೂ ಟೈಪ್ ಮಾಡಿದ್ದರೆ ಬಂದ್ ಮಾಡುವ ಮೊದಲು ಪೆನ್ ಡ್ರೈವಿಗೆ ಹಾಕಿಕೊಳ್ಳಿ.

3. ಜಾಗ ಖಾಲಿ ಮಾಡುತ್ತೇವೆ ಎಂದು ಯಾವ ಫೋಲ್ಡರನ್ನೂ ಅಳಿಸಬೇಡಿ. ಗುರುತಿಲ್ಲದ ಹೆಸರಿನ ಫೋಲ್ಡರೇ ನಿಮ್ಮ ಹಳೆಯ ಕೋಣೆ ಇರಬಹುದು.

4. ಯಾರೋ ಹೇಳಿದರು ಎಂದು ಕ್ಲೀನರ್, ಬೂಸ್ಟರ್ ಎಂಬ ಬಿಟ್ಟಿ ಪ್ರೋಗ್ರಾಂ ಇಳಿಸಿಕೊಳ್ಳಬೇಡಿ. ಇರುವ ತೊಂದರೆಯ ಜೊತೆ ಮತ್ತೊಂದು ಸೇರುತ್ತದೆ.

ಹುಡುಕುವ ಕ್ರಮ

ಒಂದು: ರೀಸ್ಟಾರ್ಟ್ ಮಾಡಿ. ಶಟ್ ಡೌನ್ ಮಾಡಿ ಮತ್ತೆ ಚಾಲೂ ಮಾಡುವುದೂ ರೀಸ್ಟಾರ್ಟೂ ಒಂದೇ ಎಂದು ಹಲವರ ತಿಳುವಳಿಕೆ. ಈಗಿನ ವಿಂಡೋಸಿನಲ್ಲಿ ಹಾಗಿಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಇದ್ದರೆ ಶಟ್ ಡೌನ್ ಮಾಡಿದರೂ ಕಂಪ್ಯೂಟರ್ ತನ್ನ ಒಳಗಿನ ಸ್ಥಿತಿಯ ಒಂದು ಭಾಗವನ್ನು ಹಾಗೇ ಕಾಯ್ದಿಟ್ಟುಕೊಳ್ಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಪೂರ್ತಿ ಹೊಸದಾಗಿ ಏಳುತ್ತದೆ. ಎರಡು-ಮೂರು ಸಲ ಮಾಡಿ, ಪ್ರತಿ ಸಲ ಐದು ನಿಮಿಷ ತಾಳ್ಮೆಯಿಂದ ಕಾಯಿರಿ. ಆಂಟಿವೈರಸ್ ಚೀಟಿಯನ್ನು ಹಿಡಿದುಕೊಂಡದ್ದೇ ಕಾರಣವಾಗಿದ್ದರೆ ಹಲವು ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಎರಡು: ಯಾರ ಹೆಸರಿನಲ್ಲಿ ಒಳಗೆ ಬಂದಿದ್ದೀರಿ ನೋಡಿ. ಸ್ಟಾರ್ಟ್ ಒತ್ತಿದರೆ ಖಾತೆಯ ಹೆಸರು ಕಾಣುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಎರಡು ಖಾತೆಗಳಿದ್ದರೆ ಅಪ್‌ಡೇಟ್ ಆದ ಮೇಲೆ ಗಡಿಬಿಡಿಯಲ್ಲಿ ಬೇರೆ ಖಾತೆಯನ್ನೇ ತೆರೆದಿರಬಹುದು. "ತಾತ್ಕಾಲಿಕ ಪ್ರೊಫೈಲ್" ಎಂಬ ಅರ್ಥದ ಇಂಗ್ಲಿಷ್ ಸೂಚನೆ ಪರದೆಯ ಮೂಲೆಯಲ್ಲಿ ಬಂದರೆ ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ಮೂರು: ಐಕಾನ್‌ಗಳು ಬರೀ ಮರೆಯಾಗಿವೆಯೇ ನೋಡಿ. ಖಾಲಿ ಪರದೆಯ ಮೇಲೆ ಮೌಸಿನ ಬಲ ಬಟನ್ ಒತ್ತಿ, ವ್ಯೂ ಎಂಬಲ್ಲಿ ಶೋ ಡೆಸ್ಕ್‌ಟಾಪ್ ಐಕಾನ್ಸ್ ಎಂಬುದಕ್ಕೆ ಗುರುತು ಇದೆಯೇ ನೋಡಿ. ಇಲ್ಲದಿದ್ದರೆ ಒತ್ತಿ.

ನಾಲ್ಕು: ಯೂಸರ್ಸ್ ಫೋಲ್ಡರ್ ತೆರೆಯಿರಿ. ವಿಂಡೋಸ್ ಕೀ ಜೊತೆಗೆ ಇ ಅಕ್ಷರ ಒತ್ತಿ, ದಿಸ್ ಪಿಸಿ, ಸಿ ಡ್ರೈವ್, ಯೂಸರ್ಸ್ ಹೀಗೆ ಒಳಗೆ ಹೋಗಿ. ಅಲ್ಲಿ ಎಷ್ಟು ಫೋಲ್ಡರುಗಳಿವೆ ಎಂದು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಟೆಂಪ್ ಎಂಬ ಹೆಸರು ಕಂಡರೆ ಅದು ತಾತ್ಕಾಲಿಕ ಕೋಣೆ. ನಿಮ್ಮ ಹೆಸರಿನದೋ, ಹೆಸರಿಗೆ ಬಾಲ ಸೇರಿದ್ದೋ ಇದ್ದರೆ ಅದು ಹಳೆಯ ಕೋಣೆ ಇರಬೇಕು. ಬಲ ಬಟನ್ ಒತ್ತಿ ಪ್ರಾಪರ್ಟೀಸ್ ನೋಡಿದರೆ ಗಾತ್ರ ತಿಳಿಯುತ್ತದೆ. ವರ್ಷಗಟ್ಟಲೆ ಬಳಸಿದ ಕೋಣೆ ಸಾಮಾನ್ಯವಾಗಿ ದೊಡ್ಡದಾಗಿರುತ್ತದೆ. ತೆರೆಯಲು ಅನುಮತಿ ಕೇಳಿದರೆ ಕಂಟಿನ್ಯೂ ಒತ್ತಿ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳಬಹುದು.

ಐದು: ಒನ್‌ಡ್ರೈವ್ ನೋಡಿ. ದೊಡ್ಡ ಅಪ್‌ಡೇಟ್ ಆದ ಮೇಲೆ ಕೆಲವು ಸಲ ವಿಂಡೋಸ್ ಎರಡು-ಮೂರು ಪ್ರಶ್ನೆ ಕೇಳುತ್ತದೆ. ಓದದೇ ನೆಕ್ಸ್ಟ್, ನೆಕ್ಸ್ಟ್ ಒತ್ತುತ್ತಾ ಹೋದರೆ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಎರಡೂ ಒನ್‌ಡ್ರೈವ್ ಎಂಬ ಫೋಲ್ಡರಿನೊಳಗೆ ಸೇರಿಕೊಂಡಿರಬಹುದು. ನಿಮ್ಮ ಹೆಸರಿನ ಫೋಲ್ಡರಿನಲ್ಲೇ ಒನ್‌ಡ್ರೈವ್ ಇದೆಯೇ, ಅದರೊಳಗೆ ಇನ್ನೊಂದು ಡೆಸ್ಕ್‌ಟಾಪ್ ಇದೆಯೇ ನೋಡಿ. ಒನ್‌ಡ್ರೈವಿನಲ್ಲಿ ಉಚಿತ ಜಾಗ 5 ಜಿಬಿ ಮಾತ್ರ. ಅದು ತುಂಬಿತು ಎಂಬ ಸೂಚನೆ ಬಂದರೆ ಗಾಬರಿಯಿಂದ ಅಲ್ಲಿಯ ಫೈಲು ಅಳಿಸಬೇಡಿ. ಅಲ್ಲಿ ಅಳಿಸಿದರೆ ಕಂಪ್ಯೂಟರಿನಲ್ಲಿಯೂ ಹೋಗುತ್ತದೆ.

ಆರು: ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರ್ ಇದೆಯೇ ನೋಡಿ. ವಿಂಡೋಸ್ 10ರಿಂದ 11ಕ್ಕೆ ಏರಿದಂಥ ದೊಡ್ಡ ಬದಲಾವಣೆಯಾದಾಗ ಹಳೆಯದನ್ನು ಈ ಹೆಸರಿನಲ್ಲಿ ಸಿ ಡ್ರೈವಿನಲ್ಲಿ ಇಟ್ಟಿರುತ್ತದೆ. ಇದು ಸಾಮಾನ್ಯವಾಗಿ 10 ದಿನ ಮಾತ್ರ ಇರುತ್ತದೆ, ಆಮೇಲೆ ತಾನೇ ಅಳಿಯುತ್ತದೆ. ಆದ್ದರಿಂದ "ಮುಂದಿನ ತಿಂಗಳು ನೋಡಿದರಾಯ್ತು" ಅನ್ನಬೇಡಿ.

ಹಳೆಯ ಕೋಣೆ ಸಿಕ್ಕಿತೇ? ಹಾಗಾದರೆ ಮೊದಲು ಅದನ್ನು ಪೆನ್ ಡ್ರೈವಿಗೋ ಹೊರಗಿನ ಹಾರ್ಡ್ ಡಿಸ್ಕಿಗೋ ಕಾಪಿ ಮಾಡಿ. ಕಟ್ ಮಾಡಬೇಡಿ, ಕಾಪಿ ಮಾಡಿ. ಮುಖ್ಯವಾದ ನಾಲ್ಕು ಫೈಲು ತೆರೆದು ನೋಡಿ, ಸರಿಯಾಗಿವೆ ಎಂದು ಖಾತ್ರಿ ಮಾಡಿಕೊಳ್ಳಿ. ಅಲ್ಲಿಗೆ ಸಂಘದ ಲೆಕ್ಕ ಉಳಿಯಿತು. ಉಳಿದದ್ದು ನಿಧಾನಕ್ಕೆ ಆಗುವ ಕೆಲಸ.

ಕನ್ನಡ ಅಕ್ಷರ ಕೆಟ್ಟು ಕಂಡರೆ

ನಮ್ಮ ಕಡೆ ಅತಿ ಹೆಚ್ಚು ಗಾಬರಿ ಹುಟ್ಟಿಸುವುದು ಇದು. ಫೈಲು ಸಿಗುತ್ತದೆ, ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಸೊನ್ನೆ, ಕೊಂಬುಗಳ ಚೆಲ್ಲಾಪಿಲ್ಲಿ. "ವೈರಸ್ ಬಂತು" ಎಂದು ಅಳಿಸಿ ಹಾಕಿದವರೂ ಇದ್ದಾರೆ. ದಯವಿಟ್ಟು ಅಳಿಸಬೇಡಿ.

ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ಈ ತಂತ್ರಾಂಶಗಳಲ್ಲಿ ಹಳೆಯ ಪದ್ಧತಿಯಲ್ಲಿ ಟೈಪ್ ಮಾಡಿದ ಫೈಲುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಅದಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟ್. ಫಾಂಟ್ ಇಲ್ಲದಿದ್ದರೆ ಬಟ್ಟೆ ಕಳಚಿದ ಹಾಗೆ ಒಳಗಿನ ಸಂಕೇತ ಕಾಣುತ್ತದೆ. ಅದೇ ಫಾಂಟನ್ನು ಮತ್ತೆ ಹಾಕಿದರೆ ಕನ್ನಡ ಮರಳಿ ಬರುತ್ತದೆ. ಒಂದು ಅಕ್ಷರವೂ ಹೋಗಿರುವುದಿಲ್ಲ.

ಅಪ್‌ಡೇಟಿಗೂ ಇದಕ್ಕೂ ಏನು ಸಂಬಂಧ? 2018ರ ನಂತರದ ವಿಂಡೋಸ್ 10ರಲ್ಲಿ ಮತ್ತು ವಿಂಡೋಸ್ 11ರಲ್ಲಿ ಸುಮ್ಮನೆ ಇನ್‌ಸ್ಟಾಲ್ ಒತ್ತಿ ಹಾಕಿದ ಫಾಂಟ್ ಆ ಒಬ್ಬರ ಕೋಣೆಯೊಳಗೆ ಮಾತ್ರ ಸೇರುತ್ತದೆ. ಕೋಣೆ ಬದಲಾದರೆ ಫಾಂಟೂ ಸಿಗುವುದಿಲ್ಲ. ಆದ್ದರಿಂದ ಫಾಂಟ್ ಫೈಲಿನ ಮೇಲೆ ಬಲ ಬಟನ್ ಒತ್ತಿ ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್ ಎಂಬುದನ್ನು ಆರಿಸಿರಿ. ಆಗ ಯಾವ ಕೋಣೆಯಲ್ಲಿ ಕುಳಿತರೂ ಕನ್ನಡ ಕಾಣುತ್ತದೆ.

ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಈ ತೊಂದರೆ ಇಲ್ಲ. ಹೆಚ್ಚೆಂದರೆ ಅಕ್ಷರದ ಆಕಾರ ಬದಲಾಗಬಹುದು. ವಿಂಡೋಸ್ 7ರ ಕಾಲದ ತುಂಗಾ ಫಾಂಟ್ ವಿಂಡೋಸ್ 10ರಿಂದ ಈಚೆಗೆ ಎಲ್ಲ ಕಂಪ್ಯೂಟರಿನಲ್ಲೂ ಮೊದಲೇ ಇರುವುದಿಲ್ಲ. ಅದರ ಬದಲು ನಿರ್ಮಲಾ ಎಂಬ ಫಾಂಟ್ ಕನ್ನಡ ತೋರಿಸುತ್ತದೆ. ತುಂಗಾ ಬೇಕೇ ಬೇಕು ಎಂದರೆ ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್ ಎಂದು ಹುಡುಕಿ, ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂಬುದನ್ನು ಸೇರಿಸಬಹುದು. ಇಂಟರ್‌ನೆಟ್ ಇರಬೇಕು.

ಟೈಪಿಂಗ್ ಬಾರದಿದ್ದರೆ ವಿಂಡೋಸ್ ಕೀ ಮತ್ತು ಸ್ಪೇಸ್ ಬಾರ್ ಒಟ್ಟಿಗೆ ಒತ್ತಿ ಕನ್ನಡ ಕೀಬೋರ್ಡ್ ಪಟ್ಟಿಯಲ್ಲಿದೆಯೇ ನೋಡಿ. ನುಡಿ, ಬರಹ ಬಳಸುವವರು ಆ ಪ್ರೋಗ್ರಾಂ ಚಾಲೂ ಇದೆಯೇ ಎಂದು ಮೊದಲು ನೋಡಬೇಕು. ಕಂಪ್ಯೂಟರ್ ಜೊತೆಗೇ ಏಳುತ್ತಿದ್ದ ಅದು ಈಗ ತಾನಾಗಿ ಏಳದೇ ಇರಬಹುದು.

ಪ್ರಿಂಟರ್, ಬ್ರೌಸರ್ ಇತ್ಯಾದಿ

ಪ್ರಿಂಟ್ ಕೊಟ್ಟರೆ ಕಾಗದ ಬರುವ ಬದಲು ಫೈಲು ಎಲ್ಲಿ ಉಳಿಸಲಿ ಎಂದು ಕೇಳುತ್ತದೆಯೇ? ಆಗ ನಿಮ್ಮ ಪ್ರಿಂಟರ್ ಬದಲು ಪಿಡಿಎಫ್ ಎಂಬುದು ಆಯ್ಕೆಯಾಗಿದೆ ಎಂದರ್ಥ. ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ಸ್ ತೆರೆದು, ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡಿಫಾಲ್ಟ್ ಪ್ರಿಂಟರ್ ಎಂಬುದನ್ನು ಬಂದ್ ಮಾಡಿ, ನಿಮ್ಮ ಪ್ರಿಂಟರನ್ನು ನೀವೇ ಡಿಫಾಲ್ಟ್ ಎಂದು ಆರಿಸಿ.

ಫೈಲು ಬೇರೆ ಪ್ರೋಗ್ರಾಮಿನಲ್ಲಿ ತೆರೆದರೆ ಡಿಫಾಲ್ಟ್ ಆಪ್ಸ್ ಎಂಬಲ್ಲಿ ಮತ್ತೆ ಆರಿಸಬೇಕು. ಬ್ರೌಸರಿನಲ್ಲಿ ಗುರುತು ಹಾಕಿಟ್ಟ ಸರ್ಕಾರಿ ವೆಬ್‌ಸೈಟುಗಳು, ಉಳಿಸಿಟ್ಟ ಪಾಸ್‌ವರ್ಡುಗಳು ಕಾಣದಿದ್ದರೆ ಅವೂ ಹಳೆಯ ಕೋಣೆಯಲ್ಲೇ ಇರುತ್ತವೆ. ಕೋಣೆ ಸರಿಹೋದರೆ ಅವೂ ಬರುತ್ತವೆ.

ರಿಪೇರಿಯವರಿಗೆ ಏನು ಹೇಳಬೇಕು?

ಹಾಳಾದ ಕೋಣೆಯನ್ನು ಮತ್ತೆ ಜೋಡಿಸುವ ಕೆಲಸ ವಿಂಡೋಸಿನ ರಿಜಿಸ್ಟ್ರಿ ಎಂಬ ಒಳಭಾಗದಲ್ಲಿ ನಡೆಯುತ್ತದೆ. ಅಲ್ಲಿ ಪ್ರೊಫೈಲ್ ಲಿಸ್ಟ್ ಎಂಬ ಪಟ್ಟಿ ಇದೆ. ಯಾವ ಖಾತೆಗೆ ಯಾವ ಕೋಣೆ ಎಂದು ಬರೆದಿರುವುದು ಅಲ್ಲಿ. ಒಂದೇ ಖಾತೆಗೆ ಎರಡು ಸಾಲು ಬಂದು, ಒಂದಕ್ಕೆ ಬಿಎಕೆ ಎಂಬ ಬಾಲ ಸೇರಿಕೊಂಡಿರುತ್ತದೆ. ಬಲ್ಲವರಿಗೆ ಇದು ದೊಡ್ಡ ಕೆಲಸವಲ್ಲ, ಆದರೆ ಗೊತ್ತಿಲ್ಲದವರು ಕೈ ಹಾಕಬಾರದು. ಅದು ಆಗದಿದ್ದರೆ ಹೊಸ ಖಾತೆ ಮಾಡಿ ಹಳೆಯ ಕೋಣೆಯ ಫೈಲುಗಳನ್ನು ಅದಕ್ಕೆ ಕಾಪಿ ಮಾಡುವುದು ಇನ್ನೊಂದು ದಾರಿ.

ನಮ್ಮ ಕಡೆಯ ಒಂದು ಹಳ್ಳಿಯ ಸಂಘದಲ್ಲಿ ನಡೆದದ್ದನ್ನು ಹೇಳಬೇಕು. ಪರದೆ ಖಾಲಿ ಆಯಿತೆಂದು ಕಂಪ್ಯೂಟರನ್ನು ಪೇಟೆಗೆ ಒಯ್ದರು. ಅಂಗಡಿಯವರು "ಫಾರ್ಮ್ಯಾಟ್ ಹೊಡೀತೀವಿ, ಸಂಜೀಕ ಬರ್ರಿ" ಅಂದರು. ಇವರು ಹೂಂ ಅಂದು ಬಂದರು. ಸಂಜೆ ಕಂಪ್ಯೂಟರ್ ಹೊಸದರಂತೆ ಬಂತು, ಎರಡು ವರ್ಷದ ಸಾಲದ ಲೆಕ್ಕ ಬರಲಿಲ್ಲ. ಆಮೇಲೆ ಪಾಸ್‌ಬುಕ್, ರಸೀದಿ ಎಲ್ಲ ಕೂಡಿಸಿ ಲೆಕ್ಕ ಮತ್ತೆ ಬರೆಯಲು ವಾರಗಟ್ಟಲೆ ಹಿಡಿಯಿತು. "ನಾ ಎರಡು ಕಂತು ಕಟ್ಟೀನಿ", "ಇಲ್ಲ, ಒಂದs ಕಟ್ಟೀರಿ" ಎಂಬ ಮಾತು ಬೆಳೆದು, ಅಕ್ಕ-ತಂಗಿಯರ ಹಾಗೆ ಇದ್ದವರು ಮುಖ ತಿರುಗಿಸಿಕೊಂಡರು. ಸಂಘದಲ್ಲಿ ಹಣಕ್ಕಿಂತ ದೊಡ್ಡದು ನಂಬಿಕೆ. ಅದು ಮರಳಿ ಬರಲು ಇನ್ನೂ ಹೆಚ್ಚು ಕಾಲ ಬೇಕಾಯಿತು.

ಆದ್ದರಿಂದ ರಿಪೇರಿಗೆ ಕೊಡುವಾಗ ಒಂದು ಚೀಟಿಯಲ್ಲಿ ಹೀಗೆ ಬರೆದು ಕಂಪ್ಯೂಟರಿಗೆ ಅಂಟಿಸಿ: "ನಮ್ಮನ್ನು ಕೇಳದೇ ಫಾರ್ಮ್ಯಾಟ್ ಮಾಡಬಾರದು. ಅಪ್‌ಡೇಟ್ ಆದ ಮೇಲೆ ತಾತ್ಕಾಲಿಕ ಪ್ರೊಫೈಲ್ ಬಂದಿದೆ. ಮೊದಲು ಯೂಸರ್ಸ್ ಫೋಲ್ಡರ್ ಪೂರ್ತಿ ಕಾಪಿ ತೆಗೆಯಿರಿ." ಕೆಳಗೆ ಫೋನ್ ನಂಬರ್ ಬರೆಯಿರಿ. ಕಾಪಿಯನ್ನು ನಿಮ್ಮ ಕಣ್ಣಮುಂದೆ ತೆರೆದು ತೋರಿಸಿದ ಮೇಲೆಯೇ ಮುಂದಿನ ಕೆಲಸಕ್ಕೆ ಒಪ್ಪಿಗೆ ಕೊಡಿ.

ಹಾಗಾದರೆ ಅಪ್‌ಡೇಟನ್ನೇ ನಿಲ್ಲಿಸೋಣವೇ?

ಬಹಳ ಮಂದಿ ಕೇಳುವ ಪ್ರಶ್ನೆ ಇದು. ಉತ್ತರ, ಬೇಡ. 2017ರ ಮೇ 12ರಂದು ವನ್ನಾಕ್ರೈ ಎಂಬ ದಾಳಿ ಸುಮಾರು 150 ದೇಶಗಳಿಗೆ ಹಬ್ಬಿ, ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಕೀಲಿ ಜಡಿದು ಹಣ ಕೇಳಿತು. ನೆರೆಯ ಆಂಧ್ರ ಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳೂ ಅದಕ್ಕೆ ಸಿಕ್ಕವು. ಆ ದಾಳಿಯನ್ನು ತಡೆಯುವ ಅಪ್‌ಡೇಟ್ ಎರಡು ತಿಂಗಳ ಮೊದಲೇ, ಮಾರ್ಚ್ 14ರಂದು ಬಂದಿತ್ತು. ಅದನ್ನು ಹಾಕಿಕೊಳ್ಳದವರೇ ಹೆಚ್ಚಾಗಿ ಸಿಕ್ಕಿಬಿದ್ದರು.

ಹಾಗೆಂದು ಅಪ್‌ಡೇಟ್ ಎಂದರೆ ಕಣ್ಣುಮುಚ್ಚಿ ನಂಬಬೇಕು ಎಂದೂ ಅಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನಿಂತುಹೋದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಿಂದ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಯಂತ್ರ ನಿಂತರೂ ಪೆನ್ನು-ಹಾಳೆ ಇದ್ದದ್ದರಿಂದ ಕೆಲಸ ಸಾಗಿತು.

ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನೇ ಬಳಸುತ್ತಿರುವವರು ಯಾವತ್ತಾದರೂ ಹೊಸದಕ್ಕೆ ಏರಲೇಬೇಕಾಗುತ್ತದೆ. ಏರುವ ಮೊದಲ ದಿನ ಪೂರ್ತಿ ಕಾಪಿ ತೆಗೆದಿಡುವುದನ್ನು ಮರೆಯಬೇಡಿ.

ಮುಂಜಾಗ್ರತೆ: ತಿಂಗಳಿಗೆ ಒಂದು ತಾಸು ಸಾಕು

ಮೈಕ್ರೋಸಾಫ್ಟ್ ತಿಂಗಳ ಮುಖ್ಯ ಅಪ್‌ಡೇಟನ್ನು ಎರಡನೆಯ ಮಂಗಳವಾರ ಬಿಡುತ್ತದೆ. ನಮ್ಮ ದೇಶದಲ್ಲಿ ಅಷ್ಟೊತ್ತಿಗೆ ಮಂಗಳವಾರ ರಾತ್ರಿಯಾಗಿರುತ್ತದೆ. ಆದ್ದರಿಂದ ಆ ಮಂಗಳವಾರ ಸಂಜೆ ಕೆಲಸ ಮುಗಿಸುವ ಮೊದಲು ಈ ಕೆಳಗಿನವನ್ನು ರೂಢಿ ಮಾಡಿಕೊಳ್ಳಿ.

1. ಲೆಕ್ಕದ ಫೈಲುಗಳನ್ನು ಎರಡು ಕಡೆ ಕಾಪಿ ಮಾಡಿ. ಒಂದು ಪೆನ್ ಡ್ರೈವಿನಲ್ಲಿ, ಇನ್ನೊಂದು ಬೇರೆ ಊರಿನ ಕಚೇರಿಯ ಕಂಪ್ಯೂಟರಿನಲ್ಲೋ ಇಮೇಲ್‌ನಲ್ಲೋ. ಕಂಪ್ಯೂಟರಿನಲ್ಲಿ ಇರುವುದೂ ಸೇರಿ ಮೂರು. ಅವುಗಳಲ್ಲಿ ಒಂದಾದರೂ ಆ ಕಟ್ಟಡದ ಹೊರಗೆ ಇರಬೇಕು. ಪೆನ್ ಡ್ರೈವನ್ನು ಕಂಪ್ಯೂಟರಿಗೇ ಚುಚ್ಚಿಟ್ಟು ಹೋಗಬೇಡಿ.

2. ತಿಂಗಳ ಕೊನೆಯ ಬಾಕಿ ಪಟ್ಟಿಯನ್ನು ಪ್ರಿಂಟ್ ತೆಗೆದು, ಸದಸ್ಯೆಯರ ಸಹಿ ಮಾಡಿಸಿ ಫೈಲಿನಲ್ಲಿಡಿ.

3. ಕಂಪ್ಯೂಟರಿಗೆಂದೇ ಒಂದು ನೋಟ್‌ಬುಕ್ ಇಡಿ. ಖಾತೆಯ ಹೆಸರು, ಪ್ರಿಂಟರಿನ ಹೆಸರು, ಬಳಸುವ ಕನ್ನಡ ಫಾಂಟುಗಳು, ಕೀಬೋರ್ಡ್, ಮುಖ್ಯ ವೆಬ್‌ಸೈಟುಗಳ ವಿಳಾಸ ಬರೆದಿಡಿ. ಪರದೆ ಸರಿ ಇದ್ದಾಗ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಪಾಸ್‌ವರ್ಡ್ ಮಾತ್ರ ಈ ಪುಸ್ತಕದಲ್ಲಿ ಬೇಡ, ಅದನ್ನು ಲಕೋಟೆಯಲ್ಲಿ ಹಾಕಿ ತಿಜೋರಿಯಲ್ಲಿಡಿ.

4. ಕಂಪ್ಯೂಟರಿನ ಖಾತೆ ಒಬ್ಬ ವ್ಯಕ್ತಿಯ ಸ್ವಂತ ಇಮೇಲ್‌ಗೆ ಜೋಡಿಸಿದ್ದರೆ ಬದಲಿಸಿ, ಸಂಘದ ಇಮೇಲ್ ಮಾಡಿ. ಅಪ್‌ಡೇಟ್ ಆದ ಮೇಲೆ ಕೆಲವು ಕಂಪ್ಯೂಟರುಗಳು 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತವೆ. ಅದು ಸಾಮಾನ್ಯವಾಗಿ ಮೊದಲು ಜೋಡಿಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಆ ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋಗಿದ್ದರೆ ಯಾರನ್ನು ಕೇಳುವುದು? ಇಂದೇ ಅದನ್ನು ಬರೆದಿಟ್ಟುಕೊಳ್ಳಿ.

5. ಕರೆಂಟಿನ ಭರವಸೆ ಇಲ್ಲದ ಹೊತ್ತಿನಲ್ಲಿ ಅಪ್‌ಡೇಟ್ ನಡೆಸಬೇಡಿ. ಯುಪಿಎಸ್ ಬ್ಯಾಟರಿ ಕೆಲವೇ ನಿಮಿಷ ತಡೆಯುತ್ತದೆ, ಅಪ್‌ಡೇಟ್ ಅರ್ಧ ತಾಸಿಗಿಂತ ಹೆಚ್ಚು ಹಿಡಿಯಬಹುದು. ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವ್ ಅವರ್ಸ್ ಎಂಬಲ್ಲಿ ನಿಮ್ಮ ಕೆಲಸದ ಸಮಯ ಹಾಕಿದರೆ ಆ ಹೊತ್ತಿನಲ್ಲಿ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಅರ್ಜಿಯ ಕೊನೆಯ ದಿನ ಹತ್ತಿರವಿದ್ದರೆ ಪಾಸ್ ಎಂಬ ಬಟನ್‌ನಿಂದ ಅಪ್‌ಡೇಟನ್ನು ಕೆಲವು ದಿನ ಮುಂದೂಡಬಹುದು.

6. ಮೂರು ತಿಂಗಳಿಗೊಮ್ಮೆ ಪೆನ್ ಡ್ರೈವಿನ ಕಾಪಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯದ ಕಾಪಿ ಇದ್ದರೂ ಇಲ್ಲದ ಹಾಗೆ.

ಕೊನೆಯದಾಗಿ

ನಮ್ಮ ಸಂಘಗಳಲ್ಲಿ ಕಂಪ್ಯೂಟರ್ ಮುಂದೆ ಕೂರುವವರು ಹೆಚ್ಚಾಗಿ ಪಿಯುಸಿ ಮುಗಿಸಿದ, ಮನೆಯವರನ್ನು ಒಪ್ಪಿಸಿ ಹೊರಗೆ ಕೆಲಸಕ್ಕೆ ಬಂದ ಹೆಣ್ಣುಮಕ್ಕಳು. ಪರದೆ ಖಾಲಿಯಾದ ದಿನ ಎಲ್ಲರ ಬೆರಳೂ ಅವರ ಕಡೆಗೇ ತಿರುಗುತ್ತದೆ. ಬೈಗುಳಕ್ಕೆ ಹೆದರಿ ಎಷ್ಟೋ ಜನ ಆದದ್ದನ್ನು ಹೇಳದೇ ಮುಚ್ಚಿಡುತ್ತಾರೆ. ಅಷ್ಟರಲ್ಲಿ ಹತ್ತು ದಿನ ಕಳೆದು ಹಳೆಯ ಫೋಲ್ಡರ್ ತಾನೇ ಅಳಿದು ಹೋಗುತ್ತದೆ. ಅಧ್ಯಕ್ಷೆಯರು, ಕಾರ್ಯದರ್ಶಿಗಳು ಇದನ್ನು ಗಮನಿಸಬೇಕೆಂದು ವಿನಂತಿ. "ಯಾರು ಮಾಡಿದ್ದು?" ಎನ್ನುವ ಬದಲು "ಏನು ಕಾಣಾಕತ್ತೈತಿ ಹೇಳವ್ವಾ, ಕೂಡಿ ನೋಡೂಣು" ಅಂದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಈ ಲೇಖನವನ್ನು ಕತ್ತರಿಸಿ ಕಂಪ್ಯೂಟರ್ ಇರುವ ಗೋಡೆಗೆ ಅಂಟಿಸಿರಿ. ಮುಂದಿನ ತಿಂಗಳ ಸಭೆಯಲ್ಲಿ ಹತ್ತು ನಿಮಿಷ ತೆಗೆದು, ಯೂಸರ್ಸ್ ಫೋಲ್ಡರ್ ಎಲ್ಲಿದೆ ಎಂಬುದನ್ನು ಇಬ್ಬರಾದರೂ ಸದಸ್ಯೆಯರಿಗೆ ತೋರಿಸಿಕೊಡಿ. ಕೀಲಿಕೈ ಒಬ್ಬರ ಹತ್ತಿರ ಇದ್ದರೂ ಹಗೇವಿನ ಬಾಯಿ ಎಲ್ಲಿದೆ ಎಂಬುದು ಮನೆಯವರಿಗೆಲ್ಲ ಗೊತ್ತಿರಬೇಕು.